ಮೀನುತೊಟ್ಟಿಯ ಶೋಧಕವೂ ಊರಿನ ಕೆರೆಯೂ

ಇತ್ತೀಚಿನ ವರ್ಷಗಳಲ್ಲಿ ಪಟ್ಟಣಗಳಲ್ಲಿ ಮಾತ್ರವೇ ಅಲ್ಲದೆ ಗ್ರಾಮಗಳ ದೊಡ್ಡ ಮನೆಗಳ ಪಡಸಾಲೆಗಳಲ್ಲಿಯೂ ಕೆಲವು ಶಾಲೆಗಳಲ್ಲಿಯೂ ಗಾಜಿನ ದೊಡ್ಡ ಮೀನುತೊಟ್ಟಿಗಳನ್ನು ಇಡುವ ವಾಡಿಕೆಯುಂಟಾಗಿದೆ. ಇದು ನಿಂದಿಸತಕ್ಕ ವಾಡಿಕೆಯಲ್ಲ. ನೀರಿನೊಳಗಿನ ಜೀವನವನ್ನು ಕಣ್ಣಾರೆ ಕಂಡ ಮಗುವು ಮುಂದೆ ಕೆರೆಯನ್ನು ಹೊಲಸು ಮಾಡಲು ಹಿಂಜರಿಯುವುದು. ಆದರೆ ತೊಟ್ಟಿಯನ್ನು ಕೊಳ್ಳುವವರಲ್ಲಿ ಬಹುಮಂದಿ ಗಾಜಿನ ದಪ್ಪವನ್ನೂ ದೀಪದ ಬಣ್ಣವನ್ನೂ ಮೀನಿನ ಅಂದವನ್ನೂ ವಿಚಾರಿಸುತ್ತಾರೆಯೇ ಹೊರತು, ನೀರನ್ನು ಶೋಧಿಸುವ ಪೆಟ್ಟಿಗೆಯೊಳಗೆ ಏನನ್ನು ತುಂಬಬೇಕು, ಅದು ಎಷ್ಟು ಮೀನುಗಳ ಭಾರವನ್ನು ತಡೆದೀತು ಎಂಬುದನ್ನು ವಿಚಾರಿಸುವುದಿಲ್ಲ. ಇದರ ಫಲವಾಗಿ ಮೊದಲನೆಯ ತಿಂಗಳಿನಲ್ಲಿಯೇ ಮೀನುಗಳು ಸಾಯುತ್ತವೆ. ಬದುಕಿ ಉಳಿದ ಒರಟು ಜಾತಿಯವು ತೊಟ್ಟಿಯನ್ನು ಮೀರಿ ಬೆಳೆಯುತ್ತವೆ. ಬೆಳೆದವನ್ನು ಕೊಲ್ಲಲಾರದೆ ಯಜಮಾನನು ಊರಿನ ಕೆರೆಗೆ ಬಿಟ್ಟು ಬರುತ್ತಾನೆ. ಮೊದಲನೆಯದು ಮನೆಯ ನಷ್ಟ; ಕಡೆಯದು ಊರಿನ ನಷ್ಟ. ಶೋಧಕವನ್ನು ಮೊದಲು ಸಿದ್ಧಪಡಿಸಿ, ಅದು ತಡೆಯುವಷ್ಟು ಸಣ್ಣ ನಾಡಮೀನುಗಳನ್ನು ಮಾತ್ರ ಆರಿಸಿಕೊಂಡರೆ ಎರಡು ನಷ್ಟಗಳೂ ತಪ್ಪುವುವು.

ಹೊಲದ ಮಣ್ಣು, ತೊಟ್ಟಿಯ ಜಲ್ಲಿ

ಶೋಧಕವೆಂದರೆ ಕಸವನ್ನು ಸೋಸುವ ಬಟ್ಟೆ ಎಂಬ ಭಾವನೆಯೇ ಎಲ್ಲ ತಪ್ಪುಗಳಿಗೂ ಮೂಲವಾಗಿದೆ. ಮೀನುಗಳು ತಮ್ಮ ಕಿವಿರುಗಳ ಮೂಲಕ ಅಮೋನಿಯಾವನ್ನು ನೀರಿಗೆ ಬಿಡುತ್ತಲೇ ಇರುತ್ತವೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯಾವಾಗುತ್ತದೆ. ಈ ವಿಷವು ಕಣ್ಣಿಗೆ ಕಾಣತಕ್ಕದ್ದಲ್ಲ. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೂ ಅದು ಇರಬಹುದು. ಆದುದರಿಂದ ತಿಳಿನೀರೆಲ್ಲವೂ ಶುದ್ಧವಾದ ನೀರಲ್ಲ.

ಕೃಷಿಕನಿಗೆ ಈ ವಿಷಯವು ಹೊಸದಲ್ಲ. ಖುಷ್ಕಿ ಹೊಲಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರವು ಹಾಕಿದ ರೂಪದಲ್ಲಿಯೇ ಪೈರಿಗೆ ಆಹಾರವಾಗುವುದಿಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಗೊಬ್ಬರದಿಂದ ಹುಟ್ಟಿದ ಅಮೋನಿಯಾವನ್ನು ಮೊದಲು ನೈಟ್ರೈಟನ್ನಾಗಿಯೂ ತರುವಾಯ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ತೊಟ್ಟಿಯ ಶೋಧಕದಲ್ಲಿ ನಡೆಯುವುದೂ ಇದೇ ಕ್ರಿಯೆಯೇ. ಈ ಎರಡರ ಸಂಬಂಧವು ಒಂದೇ ಕುಟುಂಬದ ಚರಿತ್ರೆಯಲ್ಲಿ ಕಂಡುಬರುವುದು ಸ್ವಾರಸ್ಯವಾಗಿದೆ. 1850ರ ಸುಮಾರಿನಲ್ಲಿ ಗಾಜಿನ ತೊಟ್ಟಿಯೊಳಗೆ ಮೀನು, ಜಲಸಸ್ಯ, ಬಸವನಹುಳುಗಳನ್ನು ಒಟ್ಟಿಗೆ ಬಾಳಿಸಿ ತೋರಿಸಿದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನರು. ಅದೇ ಹೆಸರಿನ ಅವರ ಮಗನು ರಾಥಮ್‌ಸ್ಟೆಡ್ ಕೃಷಿ ಪ್ರಯೋಗಶಾಲೆಯಲ್ಲಿ ದುಡಿದು, ಅಮೋನಿಯಾವು ನೈಟ್ರೇಟಾಗುವುದು ಎರಡು ಹಂತಗಳಲ್ಲೆಂದು ತೋರಿಸಿದರು. 1890ರ ಸುಮಾರಿಗೆ ರಷ್ಯಾ ದೇಶದ ವಿನೊಗ್ರಾಡ್‌ಸ್ಕಿಯವರು ಆ ಜೀವಿಗಳನ್ನು ಬೇರ್ಪಡಿಸಿದರು.

ಇವರಿಗಿಂತ ಮೊದಲು, 1877ರಲ್ಲಿ, ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬುವರು ಮಾಡಿದ ಪ್ರಯೋಗವು ತೊಟ್ಟಿ ಇಡುವವರೆಲ್ಲರೂ ಮನಸ್ಸಿನಲ್ಲಿಡತಕ್ಕದ್ದು. ಮರಳನ್ನೂ ಸುಣ್ಣಕಲ್ಲನ್ನೂ ತುಂಬಿದ ಕೊಳವೆಯೊಳಗೆ ಅವರು ಚರಂಡಿಯ ನೀರನ್ನು ಮೆಲ್ಲನೆ ಇಳಿಯಬಿಟ್ಟರು. ಮೊದಲ 20 ದಿವಸ ಯಾವ ಬದಲಾವಣೆಯೂ ಕಾಣಲಿಲ್ಲ. ಅನಂತರ ಒಳಗೆ ಹೋದ ಅಮೋನಿಯಾವು ನೈಟ್ರೇಟಾಗಿ ಹೊರಬರತೊಡಗಿತು. ಕ್ಲೋರೋಫಾರಮ್ಮಿನ ಆವಿಯನ್ನು ಸೋಕಿಸಿದೊಡನೆ ಕ್ರಿಯೆಯು ನಿಂತುಹೋಯಿತು. ಇದರಿಂದ ತಿಳಿಯುವುದು ಎರಡು ಮಾತು: ಶೋಧಿಸುವುದು ಮರಳಲ್ಲ, ಮರಳನ್ನು ಅಂಟಿಕೊಂಡಿರುವ ಜೀವಿಗಳು, ಅವು ನೆಲೆಗೊಳ್ಳಲು ಕಾಲ ಬೇಕು, ನಾಶವಾಗಲು ಕ್ಷಣ ಸಾಕು.

ಶೋಧನ ಸಾಮಗ್ರಿಯ ಆಯ್ಕೆ

ಹೀಗಿರುವಾಗ ಒಳ್ಳೆಯ ಸಾಮಗ್ರಿಯೆಂದರೆ ಹೆಚ್ಚು ಬೆಲೆಯದಲ್ಲ, ಜೀವಿಗಳಿಗೆ ಹೆಚ್ಚು ನೆಲೆಯನ್ನು ಕೊಡತಕ್ಕದ್ದು. ಒಂದೇ ಅಳತೆಯ ಪೆಟ್ಟಿಗೆಯಲ್ಲಿ 20 ಮಿಲಿಮೀಟರು ಗಾತ್ರದ ಜಲ್ಲಿಗೆ ಬದಲಾಗಿ 4 ಮಿಲಿಮೀಟರಿನ ಜಲ್ಲಿಯನ್ನು ತುಂಬಿದರೆ ಕಲ್ಲುಗಳ ಮೈ ಒಟ್ಟಿನಲ್ಲಿ ಐದು ಪಟ್ಟಾಗುತ್ತದೆ. ಇನ್ನೂ ಸಣ್ಣದಾದ ಮರಳನ್ನು ತುಂಬಿದರೆ ಮೈ ಮತ್ತಷ್ಟು ಹೆಚ್ಚುವುದೇನೋ ನಿಜ. ಆದರೆ ಕಸವು ಸಿಕ್ಕಿಕೊಂಡು ನೀರಿನ ಓಟವೇ ನಿಂತುಹೋಗುವುದು. ಆದುದರಿಂದ ನೀರು ಮೊದಲು ಒರಟಾದ ಸ್ಪಂಜಿನ ಮೂಲಕ ಹಾದು ಕಸವನ್ನು ಅಲ್ಲಿಯೇ ಬಿಟ್ಟು, ತರುವಾಯ ಸಣ್ಣ ಜಲ್ಲಿಯನ್ನಾಗಲಿ, ಸೂಕ್ಷ್ಮ ರಂಧ್ರಗಳುಳ್ಳ ಸುಟ್ಟ ಮಣ್ಣಿನ ಬಳೆಗಳನ್ನಾಗಲಿ ಪ್ರವೇಶಿಸುವಂತೆ ಜೋಡಿಸುವುದು ವಿಹಿತ. ಅಂಗಡಿಯಲ್ಲಿ ದೊರೆಯುವ ಬಳೆಗಳಿಗೆ ಹಣವಿಲ್ಲದ ಶಾಲೆಗೆ ಚೆನ್ನಾಗಿ ತೊಳೆದ ಹೊಳೆಯ ಜಲ್ಲಿಯೂ ಸ್ಪಂಜೂ ಸಾಕು.

ಜಲ್ಲಿಯನ್ನು ತುಂಬುವ ಮೊದಲು ಅದರ ಮೇಲೆ ಕೆಲವು ತೊಟ್ಟು ನಿಂಬೆರಸವನ್ನು ಹಿಂಡಿ ನೋಡತಕ್ಕದ್ದು. ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆಯೆಂದು ಅರ್ಥ. ಅಂತಹ ಕಲ್ಲು ನೀರನ್ನು ಮತ್ತಷ್ಟು ಗಡಸು ಮಾಡಿ ಕ್ಷಾರವನ್ನು ಹೆಚ್ಚಿಸುತ್ತದೆ. ಕ್ಷಾರವೂ ಬಿಸಿಲೂ ಹೆಚ್ಚಿದಷ್ಟು ಅಮೋನಿಯಾದ ವಿಷವೂ ಹೆಚ್ಚುವುದು. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಮೊದಲೇ ಗಡಸಾಗಿರುವುದರಿಂದ ಅಲ್ಲಿಯ ಜನರು ಈ ವಿಷಯದಲ್ಲಿ ಎಚ್ಚರದಿಂದಿರಬೇಕು.

ಇದ್ದಿಲಿನ ವಿಷಯದಲ್ಲಿ ಹಲವರಿಗೆ ಅತಿಯಾದ ನಂಬಿಕೆಯುಂಟು. ತೆಂಗಿನ ಚಿಪ್ಪಿನಿಂದ ಮಾಡಿದ ಕ್ರಿಯಾಶೀಲ ಇದ್ದಿಲು ನೀರಿನ ಬಣ್ಣವನ್ನೂ ವಾಸನೆಯನ್ನೂ ಔಷಧಗಳ ಉಳಿಕೆಯನ್ನೂ ಹೀರುತ್ತದೆ. ಅಮೋನಿಯಾವನ್ನು ಹೀರುವುದಿಲ್ಲವೆಂದೇ ಹೇಳಬಹುದು. ಕೆಲವು ವಾರಗಳಲ್ಲಿ ಅದರ ಶಕ್ತಿ ತೀರುತ್ತದೆ. ಒಲೆಯ ಇದ್ದಿಲಿಗೆ ಆ ಗುಣವೂ ಅಷ್ಟಿಲ್ಲ. ಜಿಯೊಲೈಟ್ ಎಂಬ ಖನಿಜವು ಅಮೋನಿಯಾವನ್ನು ಹಿಡಿಯುವುದಾದರೂ ಅದೂ ತುಂಬಿಹೋಗತಕ್ಕದ್ದೇ. ಇವು ಕಷ್ಟಕಾಲದ ಸಹಾಯಕರೇ ಹೊರತು ಮನೆಯ ಯಜಮಾನರಲ್ಲ.

ಗ್ರಾಮಗಳಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿಯೆಂದರೆ ವಿದ್ಯುತ್ತಿನ ನಿಲುಗಡೆ. ಮುಚ್ಚಿದ ಡಬ್ಬಿಯ ಶೋಧಕದಲ್ಲಿ ನೀರು ಗಂಟೆಗಟ್ಟಲೆ ನಿಂತರೆ ಒಳಗಿನ ಪ್ರಾಣವಾಯು ಮುಗಿದು ಜೀವಿಗಳು ಸಾಯುವುವು. ವಿದ್ಯುತ್ತು ಬಂದೊಡನೆ ಆ ಕೊಳೆತ ನೀರು ತೊಟ್ಟಿಗೆ ನುಗ್ಗುವುದು. ಆದಕಾರಣ ಹಳ್ಳಿಯ ತೊಟ್ಟಿಗೆ ನೀರು ಮೇಲಿನಿಂದ ತೊಟ್ಟಿಕ್ಕುತ್ತ ಇಳಿಯುವ ತೆರೆದ ಶೋಧಕವೇ ಮೇಲು. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಪಂಪೊಂದನ್ನೂ ಜೊತೆಗಿಡತಕ್ಕದ್ದು.

ಸಾಮಗ್ರಿಯನ್ನು ಫಳಫಳಿಸುವಂತೆ ನಲ್ಲಿಯ ನೀರಿನಲ್ಲಿ ತೊಳೆಯುವುದು ದೊಡ್ಡ ತಪ್ಪು. ನಲ್ಲಿಯ ನೀರಿನ ಕ್ಲೋರಿನ್ನು ಶ್ಲೋಸಿಂಗರ ಕ್ಲೋರೋಫಾರಮ್ಮಿನ ಕೆಲಸವನ್ನೇ ಮಾಡುವುದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ, ಒಂದು ಸಲಕ್ಕೆ ಅರ್ಧದಷ್ಟನ್ನು ಮಾತ್ರ ಜಾಲಿಸಿದರೆ ಸಾಕು.

ಕಾಯುವ ಕಾಲ

ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 680 ಲೀಟರು ನೀರು ಹಿಡಿಯುತ್ತದೆ. ನೀರಿನ ತೂಕವೇ ಸುಮಾರು ಏಳು ಕ್ವಿಂಟಾಲಾಗುವುದರಿಂದ ನೆಲದ ಗಟ್ಟಿತನವನ್ನು ಮೊದಲು ಪರೀಕ್ಷಿಸಬೇಕು. ಅಂತಹ ತೊಟ್ಟಿಗೆ 60 ಲೀಟರಿನಷ್ಟು ಶೋಧನ ಸಾಮಗ್ರಿಯೂ, ಗಂಟೆಗೆ ತೊಟ್ಟಿಯ ನೀರನ್ನು ನಾಲ್ಕು ಸಲ ತಿರುಗಿಸುವ ಪಂಪೂ ಇರುವುದು ಒಳ್ಳೆಯದು. ನೀರು ತುಂಬಿ ಪಂಪನ್ನು ನಡೆಸಿದ ಮೇಲೆ, ಚೆನ್ನಾಗಿರುವ ಹಳೆಯ ತೊಟ್ಟಿಯೊಂದರ ಜಲ್ಲಿಯನ್ನು ಒಂದೆರಡು ಬೊಗಸೆ ತಂದು ಬೆರೆಸಿದರೆ, ಅದು ಹಾಲಿಗೆ ಹೆಪ್ಪು ಹಾಕಿದಂತೆ. ಪ್ರತಿನಿತ್ಯ ಚಿಟಿಕೆಯಷ್ಟು ಮೀನಿನ ಆಹಾರವನ್ನು ಹಾಕುತ್ತ ನಾಲ್ಕರಿಂದ ಆರು ವಾರ ಕಾಯಬೇಕು. ಅಂಗಡಿಯಲ್ಲಿ ದೊರೆಯುವ ಪರೀಕ್ಷಾ ದ್ರಾವಣದಿಂದ ನೋಡಿದಾಗ ಮೊದಲು ಅಮೋನಿಯಾವು ಏರಿ ಇಳಿಯುವುದು. ಅನಂತರ ನೈಟ್ರೈಟ್ ಏರಿ ಇಳಿಯುವುದು. ಎರಡೂ ಸೊನ್ನೆಯಾಗಿ ನೈಟ್ರೇಟ್ ಕಾಣಿಸಿಕೊಂಡ ಮೇಲೆಯೇ ಆರೆಂಟು ಮೀನುಗಳನ್ನು ಬಿಡತಕ್ಕದ್ದು. ಗೃಹಪ್ರವೇಶದ ಹಿಂದಿನ ದಿನ ತೊಟ್ಟಿಯನ್ನು ತಂದು ಮರುದಿನ ಐವತ್ತು ಮೀನುಗಳನ್ನು ತುಂಬುವವನು ಉತ್ತ ಹೊಲವನ್ನು ಹದಗೊಳಿಸದೆ ಬಿತ್ತಿದವನಂತೆ.

ನೈಟ್ರೇಟನ್ನು ತೆಗೆಯಲು ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಬದಲಾಯಿಸಬೇಕು. ಹೀಗೆ ತೆಗೆದ ನೀರನ್ನು ಚರಂಡಿಗೆ ಚೆಲ್ಲದೆ ಹಿತ್ತಲಿನ ತೆಂಗಿಗೂ ತರಕಾರಿಗೂ ಹಾಯಿಸಿದರೆ ಅದು ಗೊಬ್ಬರದ ನೀರೇ ಆಗುವುದು.

ಯಾವ ಮೀನು ತಕ್ಕದ್ದು

ಅಂಗಡಿಯಲ್ಲಿ ಎರಡಂಗುಲವಿರುವ ಮರಿಯನ್ನು ನೋಡಿ ಕೊಳ್ಳದೆ, ಅದು ಪೂರ್ಣವಾಗಿ ಬೆಳೆದಾಗ ಎಷ್ಟಾಗುವುದೆಂದು ಕೇಳಿ ಕೊಳ್ಳಬೇಕು. ಕಾಟ್ಲಾ, ರೋಹು ಮೊದಲಾದ ಗೆಂಡೆಗಳು ಕೆರೆಗೆ ಉತ್ತಮವಾದರೂ ಗಾಜಿನ ತೊಟ್ಟಿಗೆ ಸಲ್ಲವು. ಪಾಕು, ಅಲಿಗೇಟರ್ ಗಾರ್, ಆಫ್ರಿಕದ ಕ್ಯಾಟ್‌ಫಿಷ್, ಗಾಜನ್ನು ನೆಕ್ಕಿ ಶುಚಿಮಾಡುವುದೆಂದು ಮಾರುವ ಸಕ್ಕರ್ ಮೀನು ಇವುಗಳನ್ನು ಮನೆಯೊಳಗೆ ತರಲೇಕೂಡದು. ಗಾರ್ ಎರಡು ಮೀಟರನ್ನೂ ಮೀರಿ ಬೆಳೆಯತಕ್ಕ ಜಾತಿ.

ಈ ನಾಡಿನ ಹೊಳೆಹಳ್ಳಗಳಲ್ಲಿಯೇ ಅಂದವಾದ ಸಣ್ಣ ಮೀನುಗಳು ಬೇಕಾದಷ್ಟಿವೆ. ಬೆನ್ನಿನ ರೆಕ್ಕೆಯಲ್ಲಿ ನೂಲಿನಂತಹ ಎಳೆಗಳೂ ಬಾಲದ ಬುಡದಲ್ಲಿ ಕಪ್ಪು ಮಚ್ಚೆಯೂ ಉಳ್ಳ ಫಿಲಮೆಂಟ್ ಬಾರ್ಬ್ ಒಂದು ಗೇಣಿಗಿಂತ ಕಿರಿದು. ನೀಲಿ ಹಳದಿ ಗೆರೆಗಳ ಡೆವರಿಯೊ ಮೀನುಗಳು ಗುಂಪುಗೂಡಿ ಚಟುವಟಿಕೆಯಿಂದ ಈಜಾಡುವುವು. ಎಂಟು ಸೆಂಟಿಮೀಟರು ಮಾತ್ರ ಬೆಳೆಯುವ ಕಿತ್ತಳೆ ಬಣ್ಣದ ಕ್ರೋಮೈಡ್ ಗಡಸು ನೀರನ್ನೂ ಸಹಿಸುವುದು. ಅದರ ತಂದೆತಾಯಿಗಳೆರಡೂ ಸೇರಿ ಮರಿಗಳನ್ನು ಕಾಯುವ ನೋಟವು ಶಾಲೆಯ ಮಕ್ಕಳಿಗೆ ಒಂದು ಪಾಠವೇ ಸರಿ. ತಲೆಯ ಮೇಲೆ ಬೆಳ್ಳಿಯ ಚುಕ್ಕೆಯುಳ್ಳ ಪ್ಯಾಂಚಾಕ್ಸ್ ಸೊಳ್ಳೆಯ ಮರಿಗಳನ್ನು ತಿನ್ನುವುದು. ಆದರೆ ಅದು ಹಾರುವ ಮೀನಾದ್ದರಿಂದ ತೊಟ್ಟಿಗೆ ಮುಚ್ಚಳ ಬೇಕು. ಪಶ್ಚಿಮ ಘಟ್ಟದ ಕೆಂಪುಗೆರೆಯ ಡೆನಿಸನ್ ಬಾರ್ಬ್ ಬಹು ಸುಂದರವಾದರೂ, ವ್ಯಾಪಾರಕ್ಕಾಗಿ ಹೊಳೆಗಳಿಂದ ಅತಿಯಾಗಿ ಹಿಡಿದ ಕಾರಣ ಅಳಿವಿನ ಅಂಚಿಗೆ ಬಂದಿದೆ. ಸಾಕಿ ಮರಿಮಾಡಿಸಿದ್ದಲ್ಲದೆ ಅದನ್ನು ಕೊಳ್ಳುವುದು ಸರಿಯಲ್ಲ. ಮೇಲ್ಕಂಡ ಅಳತೆಯ ತೊಟ್ಟಿಯಲ್ಲಿ ಹದಿನೈದು ಡೆವರಿಯೊ, ಹತ್ತು ಫಿಲಮೆಂಟ್ ಬಾರ್ಬ್, ಹತ್ತು ಕ್ರೋಮೈಡ್ ಸುಖವಾಗಿರುವುವು. ಅವನ್ನೂ ಒಮ್ಮೆಗೇ ಬಿಡದೆ ಎರಡು ತಿಂಗಳಲ್ಲಿ ಕ್ರಮವಾಗಿ ಬಿಡಬೇಕು.

ಕೆರೆಗೆ ಬಿಡುವುದು ಪುಣ್ಯವಲ್ಲ

ಸಾಕಲಾರದ ಮೀನನ್ನು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟರೆ ಪುಣ್ಯವೆಂದು ಹೇಳುವವರುಂಟು. ಕೊಲ್ಲಬಾರದೆಂಬ ಅವರ ಭಾವನೆಯು ಗೌರವಕ್ಕೆ ಅರ್ಹವಾದುದೇ. ಆದರೆ ಒಂದು ಜೀವವನ್ನು ಉಳಿಸಿದ ಆ ಕೈಯೇ ಕೆರೆಯ ಸಾವಿರಾರು ಜೀವಗಳಿಗೆ ಕುತ್ತು ತರುತ್ತದೆಂಬುದನ್ನು ಯೋಚಿಸಬೇಕು. 1952ರಲ್ಲಿ ಆಹಾರಕ್ಕಾಗಿ ಈ ದೇಶಕ್ಕೆ ತಂದ ಆಫ್ರಿಕದ ತಿಲಾಪಿಯಾ ಮೀನು ಕೆರೆಯಿಂದ ಕೆರೆಗೆ ಹರಡಿ, ಇಂದು ಯಾರೂ ಹಿಂದಕ್ಕೆ ಕರೆಯಲಾರದಂತಾಗಿದೆ. ಆಫ್ರಿಕದ ಕ್ಯಾಟ್‌ಫಿಷ್ ಸಾಕಣೆಯನ್ನು 2000ದಲ್ಲಿ ಕೇಂದ್ರ ಸರ್ಕಾರವು ನಿಷೇಧಿಸಿದ್ದರೂ ಅದು ನಿರ್ಮೂಲವಾಗಿಲ್ಲ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಆಂಧ್ರ, ತಮಿಳುನಾಡು, ಕೇರಳಗಳ ನೀರುಗಳಲ್ಲಿ ಆಗಲೇ ನೆಲೆಸಿದೆ. ಅದರ ಮೈಯ ಗಟ್ಟಿ ಫಲಕಗಳು ಬೆಸ್ತರ ಬಲೆಯನ್ನು ಹರಿಯುತ್ತವೆ. ಅದಕ್ಕಿಂತಲೂ ಮುಖ್ಯವಾಗಿ, ಗಂಡುಮೀನು ಮೊಟ್ಟೆಗಳಿಗಾಗಿ ದಡದ ಮಣ್ಣಿನಲ್ಲಿ ಆಳವಾದ ಬಿಲಗಳನ್ನು ತೋಡುತ್ತದೆ. ಇಲಿ ಏಡಿಗಳ ಬಿಲದಿಂದ ಕೆರೆಯ ಏರಿಗೆ ಏನಾಗುವುದೆಂಬುದನ್ನು ಅಚ್ಚುಕಟ್ಟಿನ ಜಮೀನುದಾರರಿಗೆ ಹೇಳಿಕೊಡಬೇಕಾದುದಿಲ್ಲ.

ಹೆಚ್ಚಾದ ಮೀನನ್ನು ಅಂಗಡಿಗೆ ಹಿಂದಿರುಗಿಸಬಹುದು, ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬಹುದು. ಎರಡೂ ಆಗದಿದ್ದಲ್ಲಿ ನೋವಿಲ್ಲದಂತೆ ಕೊಂದು ಹೂಳುವುದೇ ಕಡಿಮೆ ಪಾಪದ ದಾರಿ. ಗ್ರಾಮದ ಮುಖಂಡರು ಈ ವಿಷಯವನ್ನು ಗ್ರಾಮಸಭೆಯಲ್ಲಿ ಪ್ರಸ್ತಾಪಿಸಿ, ಊರಿನ ಕೆರೆಗೂ ಕಲ್ಯಾಣಿಗೂ ಕಾಲುವೆಗೂ ತೊಟ್ಟಿಯ ಮೀನನ್ನು ಬಿಡಕೂಡದೆಂದು ನಿರ್ಣಯ ಮಾಡಿಸುವುದು ಯುಕ್ತವಾದುದು. ಆದರೆ ನಿರ್ಣಯಕ್ಕಿಂತಲೂ ದೊಡ್ಡ ಮನೆಯ ನಡತೆಯೇ ಊರಿಗೆ ಹೆಚ್ಚು ಬುದ್ಧಿ ಕಲಿಸುವುದು. ಮುಖಂಡನ ಪಡಸಾಲೆಯ ತೊಟ್ಟಿಯಲ್ಲಿ ಹೊಳೆಯ ಜಲ್ಲಿಯೂ ನಾಡಿನ ಸಣ್ಣ ಮೀನುಗಳೂ ಇದ್ದರೆ, ಅದನ್ನು ನೋಡಲು ಬಂದವರು ತಮ್ಮ ಮನೆಗೂ ಅವನ್ನೇ ತರುವರು. ಹಾಗೆ ಮಾಡಿದಲ್ಲಿ ತೊಟ್ಟಿಯ ಅಂದವೂ ಕೆರೆಯ ಏರಿಯೂ ಒಟ್ಟಿಗೆ ಉಳಿಯುವುವು.