ಸಣ್ಣ ರೀಲು, ದೊಡ್ಡ ಬೇಟೆ

ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಬರಕ್ಕೆ ಹೆಸರಾದ ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ನೀರು ತುಂಬಿದರೆ ಗಾಳ ಹಿಡಿದವರೂ ದಂಡೆಗೆ ಬರುವುದು ಸಹಜ. ಬಿದಿರುಕೋಲಿನ ಕಾಲ ಹೋಗಿ ರೀಲು ಬಂದಿದೆ. ಅದರೊಡನೆ, ಸಣ್ಣ ಸಲಕರಣೆಯಲ್ಲಿ ದೊಡ್ಡ ಮೀನು ಹಿಡಿಯುವುದೇ ಜಾಣ್ಮೆ ಎಂಬ ನಂಬಿಕೆಯೂ ಬಂದಿದೆ. ಇದನ್ನು ನಾನು ಒಪ್ಪಲಾರೆ.

ಈ ನಂಬಿಕೆಯ ಪರಾಕಾಷ್ಠೆ ಕಾಣುವುದು ಕಡಲಿನ ಶಾರ್ಕ್ ಬೇಟೆಯಲ್ಲಿ. 1939ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ದಾರದ ಬಲಕ್ಕೆ ತಕ್ಕಂತೆ ಪ್ರತ್ಯೇಕ ದಾಖಲೆಗಳನ್ನಿಡುತ್ತದೆ. ಸಣ್ಣ ರೀಲಿನ ತೆಳು ದಾರವನ್ನು ಬಿಗಿ ಹಿಡಿದರೆ ಕಡಿದುಹೋಗುತ್ತದೆ. ಹಾಗಾಗಿ ಸಡಿಲ ಬಿಟ್ಟು, ಮೀನು ದಣಿಯುವತನಕ ಓಡಿಸಬೇಕು. ಇದಕ್ಕೆ ಕೌಶಲ ಬೇಕು, ನಿಜ. ಆದರೆ ಅದರ ಬೆಲೆ ತೆರುವುದು ಮೀನು. ಸೆಣಸಾಟ ದೀರ್ಘವಾದಂತೆ ಅದರ ಸ್ನಾಯುಗಳಲ್ಲಿ ಆಮ್ಲ ಶೇಖರವಾಗುತ್ತದೆ. ಸುತ್ತಿಗೆತಲೆಯ ಶಾರ್ಕ್‌ಗಳು ನೀರಿಗೆ ಬಿಟ್ಟ ಮೇಲೂ ಸಾಯುವುದುಂಟು.

ಕಡಲು ನಮಗೆ ದೂರ ಎನ್ನಬೇಡಿ. ಗಾಳದ ಹವ್ಯಾಸಿಗಳು ಜಗತ್ತಿನೆಲ್ಲೆಡೆಯಿಂದ ಅರಸಿ ಬರುತ್ತಿದ್ದ ಕಾವೇರಿಯ ಡುಬ್ಬದ ಮಹಸೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಅದಕ್ಕೆ ಕಾರಣ ಹಲವು. ಆದರೂ ಅಳಿದುಳಿದ ಜೀವಿಯನ್ನು ದಣಿಸಿ ಹೆಸರು ಗಳಿಸುವುದು ತರವಲ್ಲ.

ಊಟಕ್ಕೆ ಹಿಡಿಯುವವನು ಬೇಗ ಎಳೆದು ಮುಗಿಸುತ್ತಾನೆ. ಮರಳಿ ಬಿಡಲೆಂದು ಹಿಡಿಯುವವನು ಅವನಿಗಿಂತಲೂ ಬೇಗ ಮುಗಿಸಬೇಕು. ಅದಕ್ಕೆ ಗಟ್ಟಿ ದಾರ, ಮೀನಿಗೆ ತಕ್ಕ ರೀಲು ಅಗತ್ಯ. ಮಾರಿಕಣಿವೆಯ ದಂಡೆಯಲ್ಲಿ ಗಾಳ ಎಸೆಯುವ ಹೊಸ ಹವ್ಯಾಸಿಗಳು ಈ ಪಾಠವನ್ನು ಮೊದಲೇ ಕಲಿಯಲಿ.