ಬಡ್ಡಿ ತಿಂಗಳಿಗೋ, ವರ್ಷಕ್ಕೋ?

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ಚಕ್ರಬಡ್ಡಿಯ ಪಾಠ ಮಾಡುತ್ತಿದ್ದೆ. ಹಲಗೆಯ ಮೇಲೆ 'ಬಡ್ಡಿದರ 10%' ಎಂದು ಬರೆದೆ. "ತಿಂಗಳಿಗಾ ಸರ್?" ಎಂದಳೊಬ್ಬ ಹುಡುಗಿ. ತರಗತಿ ನಕ್ಕಿತು, ನಾನೂ ನಕ್ಕೆ. ಅವರ ಮನೆಯ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ 36%, ಎಂದು ಆಮೇಲೆ ತಿಳಿಯಿತು. ಮುಂದೇನು ಮಾಡುತ್ತೀಯ ಎಂದು ಕೇಳಿದೆ. "ಹೊಲಿಗೆ ಕಲೀತೀನಿ ಸರ್, ಅದಕ್ಕೆ ಸಾಲ ಮಾಡಬೇಕಿಲ್ಲ." ಗಣಿತದಲ್ಲಿ ತರಗತಿಗೇ ಮೊದಲು ಅವಳು.

ಇಂಥವರನ್ನು 'ಮಹತ್ವಾಕಾಂಕ್ಷೆ ಕಡಿಮೆ' ಎಂದು ದಾಖಲೆಪುಸ್ತಕದಲ್ಲಿ ಬರೆಯುತ್ತೇವೆ. ನಾನೂ ಬರೆದಿದ್ದೆ. ಅದು ತಪ್ಪು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಮನೆ ಕಲಿಸಿದ ವಿವೇಕ. ಅದರ ಮುಂದೆ ನಮ್ಮ ಉಪದೇಶ ನಿಲ್ಲದು. ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು, ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ಮೀರದಿದ್ದರೆ, ಎನ್‌ಎಂಎಂಎಸ್ ಪರೀಕ್ಷೆ ಬರೆಯಬಹುದು. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಬಡ್ಡಿಯೂ ಇಲ್ಲ, ತೀರಿಸುವುದೂ ಇಲ್ಲ.

ಅವಳಿಗೂ ಅವಳ ಅಪ್ಪನಿಗೂ ನಾನಿದನ್ನು ಹೇಳಲಿಲ್ಲ. ಪಾಠಯೋಜನೆ ಮುಗಿಸುವ ಅವಸರವಿತ್ತು. ಮುಂದಿನ ತಂಡದವರು ಈ ಪಾಠದಲ್ಲೇ ಅದಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಲಿ. ಅವಳು ಹೊಲಿಗೆಯನ್ನೇ ಆರಿಸಲಿ, ಆದರೆ ಪೂರ್ತಿ ಲೆಕ್ಕ ತಿಳಿದು ಆರಿಸಲಿ.