ಭವಿ ಎಂದರೆ ಯಾರು?

'ಭವಿ' ಎಂಬ ಶಬ್ದವು ಕೆಲವರ ಬಾಯಲ್ಲಿ ಅನ್ಯಜಾತಿಯವರನ್ನು ಹೀಗಳೆಯುವ ಬೈಗುಳವಾಗಿಬಿಟ್ಟಿದೆ. ಇದು ಶರಣರ ನುಡಿಗೆ ಎಸಗುವ ಅಪಚಾರ.

ಭವವೆಂದರೆ ಹುಟ್ಟುಸಾವುಗಳ ಸುಳಿ. ಅದರಲ್ಲಿ ಸಿಲುಕಿ, ಗುರುಕಾರುಣ್ಯವನ್ನು ಇನ್ನೂ ಪಡೆಯದಿರುವವನು ಭವಿ. ಈ ಶಬ್ದ ಸೂಚಿಸುವುದು ಸ್ಥಿತಿಯನ್ನೇ ಹೊರತು ಕುಲವನ್ನಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರು ಭಕ್ತರು. ಸಿಂಹಾಸನವೇರಿದ್ದ ಬಿಜ್ಜಳ ಭವಿ. ಆ ಭವಿಯ ಸೇವೆಯಲ್ಲಿದ್ದುದಕ್ಕೆ ಬಸವಣ್ಣನವರೂ ಆಕ್ಷೇಪ ಕೇಳಬೇಕಾಯಿತು. ವಚನದಲ್ಲಿಯೇ ಅದಕ್ಕೆ ಉತ್ತರವನ್ನೂ ಕೊಟ್ಟರು.

ಭವಿಸಂಗವನ್ನು ಕಟುವಾಗಿ ನಿಷೇಧಿಸುವ ವಚನಗಳಿಲ್ಲವೇ? ಇವೆ, ಅಲ್ಲಗಳೆಯಲಾಗದು. ಆದರೆ ದೀಕ್ಷೆ ಪಡೆದವನ ಪೂರ್ವವನ್ನೆತ್ತಿ ಆಡುವುದನ್ನೂ ಶರಣರು ಅಷ್ಟೇ ಕಟುವಾಗಿ ಖಂಡಿಸಿದರು. ಬೇಲಿ ಹಾಕಿದವರೇ ಬಾಗಿಲನ್ನೂ ಇಟ್ಟರು. ಇಂದು ಬೇಲಿ ಉಳಿದಿದೆ, ಬಾಗಿಲಿಗೆ ಬೀಗ ಬಿದ್ದಿದೆ. ಲಿಂಗದೀಕ್ಷೆ ಬೇಡಿ ಬಂದವನನ್ನು ಮೊದಲು ಕೇಳುವುದು ಅವನ ಹುಟ್ಟಿನ ಜಾತಿಯನ್ನು. ಹೆಣ್ಣು ಕೊಡುವಾಗಲಂತೂ ಒಳಪಂಗಡದವರೆಗೂ ವಿಚಾರಣೆ!

ಇರಲಿ, ಹೀಗೆ ಬೈಯುವವರ ಇಷ್ಟಲಿಂಗವಾದರೂ ಎಲ್ಲಿದೆ? ಎಷ್ಟೋ ಮನೆಗಳಲ್ಲಿ ಅದು ಕರಡಿಗೆಯೊಳಗೆ, ಕರಡಿಗೆ ದೇವರ ಗೂಡಿನೊಳಗೆ. ಹಬ್ಬದ ದಿನ ಮಾತ್ರ ಹೊರಬರುತ್ತದೆ. ಅಂಗದ ಮೇಲೆ ಲಿಂಗವಿಲ್ಲದವನು ಭವಿ ಎಂಬುದು ಶರಣರ ಅಳತೆಗೋಲು. ಹುಟ್ಟಿದ ಮನೆ ಯಾವುದೆಂದು ಅದು ನೋಡುವುದಿಲ್ಲ. ಅದನ್ನೇ ಹಿಡಿದು ಅಳೆದರೆ ಪ್ರಸಾದದ ಪಂಕ್ತಿಯಿಂದ ಏಳಬೇಕಾದವರು ಯಾರೆಂಬುದನ್ನು ಅಲ್ಲಿ ಕುಳಿತವರೇ ಹೇಳಲಿ.